ಬಾಗಿಲು ತೆರೆದಾಗ ಸಿಕ್ಕ ಅನಿಲ

1894ರ ಹೊತ್ತಿಗೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ ಇಪ್ಪತ್ತಮೂರರ ಒಬ್ಬ ತರುಣನಿದ್ದ. ಕೈಯಲ್ಲಿ ಬಿ.ಎ., ಎಂ.ಎ., ಬಿ.ಎಸ್‌ಸಿ. ಹೀಗೆ ಮೂರು ಪದವಿಗಳು. ಗಣಿತ, ಭೌತಶಾಸ್ತ್ರ ಎರಡರಲ್ಲೂ ಪ್ರಥಮ ದರ್ಜೆ. ಆದರೆ ಕೆಲಸ ಮಾತ್ರ ಇರಲಿಲ್ಲ. ಶಾಲೆಯ ಮಾಸ್ತರಿಕೆ ಕಾಯಂ ಆಗಲಿ ಎಂದು ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಸಿಗಲಿಲ್ಲ. ಮದುವೆಯಾಗಬೇಕೆಂದು ನಿಶ್ಚಯಿಸಿದ್ದ ಹುಡುಗಿ ಇದ್ದಳು, ಸಂಸಾರ ಹೂಡಲು ದುಡ್ಡಿರಲಿಲ್ಲ. ಹುಡುಗರಿಗೆ ಪಾಠ ಹೇಳಿ ಕೈಖರ್ಚು ನೋಡಿಕೊಳ್ಳುತ್ತಿದ್ದ.

ಈತನ ಹೆಸರನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಅರ್ನೆಸ್ಟ್ ರುದರ್‌ಫೋರ್ಡ್. ಚಿನ್ನದ ತೆಳು ಹಾಳೆಯ ಪ್ರಯೋಗ, ಪರಮಾಣುವಿನ ನಡುವೆ ಒಂದು ಪುಟ್ಟ ನ್ಯೂಕ್ಲಿಯಸ್, ಅದಕ್ಕೊಂದು ಚಿತ್ರ, ನಾಲ್ಕು ಅಂಕ. ಪರೀಕ್ಷೆ ಮುಗಿದ ಮೇಲೆ ರುದರ್‌ಫೋರ್ಡ್ ನಮ್ಮ ತಲೆಯಿಂದ ಇಳಿದುಹೋಗುತ್ತಾನೆ. ಆದರೆ ಆತನ ಇನ್ನೊಂದು ಶೋಧವಿದೆ. ಅದು ನಾವು ದಿನಾ ಮಲಗೇಳುವ ಕೋಣೆಗೆ ಸಂಬಂಧಪಟ್ಟದ್ದು. ನೆಲದಿಂದ ಮೇಲೆದ್ದು ಮನೆಯೊಳಗೆ ಸೇರಿಕೊಳ್ಳುವ, ಬಣ್ಣವಿಲ್ಲದ, ವಾಸನೆಯಿಲ್ಲದ ರೇಡಾನ್ ಎಂಬ ವಿಕಿರಣಶೀಲ ಅನಿಲದ ಕಥೆ ಅದು.

ನಮ್ಮ ಶೆಟಗೇರಿ ಇರುವುದು ಅಂಕೋಲಾ ತಾಲ್ಲೂಕಿನಲ್ಲಿ. ಪಕ್ಕದ ಕಾರವಾರ ತಾಲ್ಲೂಕಿನಲ್ಲಿ ಕೈಗಾ ಅಣುಸ್ಥಾವರವಿದೆ. ಹಾಗಾಗಿ ವಿಕಿರಣ ಎಂದ ಕೂಡಲೇ ನಮ್ಮ ಕಡೆಯವರ ಮನಸ್ಸು ಹೋಗುವುದು ಕೈಗಾದ ಕಡೆಗೆ. ನಮ್ಮ ಕಾಲ ಕೆಳಗಿನ ಮಣ್ಣೂ ಒಂದಿಷ್ಟು ವಿಕಿರಣಶೀಲ ಅನಿಲವನ್ನು ಬಿಡುತ್ತಲೇ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಸ್ಥಾವರ ಬರುವ ಮೊದಲೂ ಬಿಡುತ್ತಿತ್ತು, ಮನುಷ್ಯ ಹುಟ್ಟುವ ಮೊದಲೂ ಬಿಡುತ್ತಿತ್ತು. ಇದು ಜಗತ್ತಿಗೆ ಗೊತ್ತಾದದ್ದು ಹೇಗೆ, ಗೊತ್ತಾದ ಮೇಲೆ ನಾವು ಮಾಡಬೇಕಾದದ್ದೇನು ಎಂದು ತಿಳಿಯಲು ರುದರ್‌ಫೋರ್ಡ್‌ನ ಬದುಕೇ ಒಳ್ಳೆಯ ದಾರಿ.

ಎರಡನೆಯ ಸಲ ಗೆದ್ದ ಹುಡುಗ

ರುದರ್‌ಫೋರ್ಡ್ ಹುಟ್ಟಿದ್ದು 1871ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ಅಪ್ಪ ಗಾಡಿಯ ಚಕ್ರ ಮಾಡುವವ, ಮುಂದೆ ನಾರಿನ ಗಿರಣಿ ನಡೆಸಿದವ. ಅಮ್ಮ ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದಳು. ಹನ್ನೆರಡು ಮಕ್ಕಳಲ್ಲಿ ಈತ ನಾಲ್ಕನೆಯವ. ಹುಲ್ಲು, ಆಲೂಗಡ್ಡೆ, ಹಾಲು ಕರೆಯುವುದು, ಸೌದೆ ತರುವುದು ಇವೆಲ್ಲ ಮಕ್ಕಳ ಪಾಲಿನ ಕೆಲಸಗಳೇ ಆಗಿದ್ದವು. ಆತನ ಇಬ್ಬರು ತಮ್ಮಂದಿರು ಸಮುದ್ರದ ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಂಥ ಮನೆಯಲ್ಲಿ ಓದು ಮುಂದುವರಿಯಬೇಕಾದರೆ ವಿದ್ಯಾರ್ಥಿವೇತನ ಬಿಟ್ಟರೆ ಬೇರೆ ಗತಿಯಿರಲಿಲ್ಲ.

ನೆಲ್ಸನ್ ಕಾಲೇಜಿಗೆ ಸೇರಲು ಬೇಕಿದ್ದ ವಿದ್ಯಾರ್ಥಿವೇತನ ಮೊದಲ ಸಲ ತಪ್ಪಿಹೋಯಿತು, ಎರಡನೆಯ ಸಲ ಸಿಕ್ಕಿತು. ವಿಶ್ವವಿದ್ಯಾಲಯದ ಓದಿಗೂ ಹಾಗೆಯೇ ಆಯಿತು. ಕ್ರೈಸ್ಟ್‌ಚರ್ಚಿನ ಕ್ಯಾಂಟರ್‌ಬರಿ ಕಾಲೇಜಿನಲ್ಲಿ ಓದುತ್ತ, ಕಬ್ಬಿಣವನ್ನು ಅತಿ ವೇಗದ ವಿದ್ಯುತ್ತಿನಿಂದ ಕಾಂತವಾಗಿಸುವ ಪ್ರಯೋಗ ಮಾಡಿದ. ದೂರದಿಂದ ಬರುವ ರೇಡಿಯೊ ಅಲೆಗಳನ್ನು ಹಿಡಿಯುವ ಉಪಕರಣವೊಂದನ್ನು ತಾನೇ ಕಟ್ಟಿದ. ಇಷ್ಟಾದರೂ ಮಾಸ್ತರಿಕೆ ಸಿಗಲಿಲ್ಲ ಎಂಬುದನ್ನು ಆಗಲೇ ಹೇಳಿದೆ.

ಕೊನೆಗೆ ಉಳಿದದ್ದು ಇಂಗ್ಲೆಂಡಿಗೆ ಹೋಗಿ ಸಂಶೋಧನೆ ಮಾಡಲು ಕೊಡುವ ಒಂದೇ ಒಂದು ವಿದ್ಯಾರ್ಥಿವೇತನ. 1851ರ ಲಂಡನ್ ವಸ್ತುಪ್ರದರ್ಶನದ ಲಾಭದ ಹಣದಿಂದ ನಡೆಯುತ್ತಿದ್ದ ನಿಧಿ ಅದು. ಕಣದಲ್ಲಿದ್ದವರು ಇಬ್ಬರು. ಚಿನ್ನವನ್ನು ಅದಿರಿನಿಂದ ಬಿಡಿಸುವ ರಸಾಯನ ವಿಧಾನದ ಮೇಲೆ ಕೆಲಸ ಮಾಡಿದ್ದ ಆಕ್ಲಂಡಿನ ಮ್ಯಾಕ್‌ಲಾರಿನ್ ಮೊದಲು ಆಯ್ಕೆಯಾದ. ರುದರ್‌ಫೋರ್ಡ್ ಎರಡನೆಯವನಾಗಿ ಉಳಿದ. ಆಮೇಲೆ ಮ್ಯಾಕ್‌ಲಾರಿನ್ ಆ ವೇತನವನ್ನು ಬೇಡವೆಂದ, ಹಾಗಾಗಿ ಅದು ರುದರ್‌ಫೋರ್ಡ್‌ಗೆ ಬಂತು. ಸುದ್ದಿ ತಲುಪಿದಾಗ ಆತ ಹೊಲದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದನೆಂದು ಹೇಳುತ್ತಾರೆ. ಹಡಗಿನ ಖರ್ಚಿಗೆ ಸಾಲ ಮಾಡಿ 1895ರಲ್ಲಿ ಹೊರಟ.

ಕಾಯ್ದಿಟ್ಟವರ ಪಟ್ಟಿಯಲ್ಲಿ ಹೆಸರು ಇರುವ ಗೆಳೆಯರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಗುರು ಜೆ.ಜೆ. ಥಾಮ್ಸನ್. ಬೇರೆ ವಿಶ್ವವಿದ್ಯಾಲಯಗಳ ಪದವೀಧರರನ್ನು ಸಂಶೋಧನೆಗೆ ಸೇರಿಸಿಕೊಳ್ಳಲು ಕೇಂಬ್ರಿಡ್ಜ್ ಅದೇ ವರ್ಷ ಶುರುಮಾಡಿತ್ತು. ಆ ವರ್ಷಗಳೇ ಹಾಗಿದ್ದವು. 1895ರ ಕೊನೆಗೆ ಎಕ್ಸ್ ಕಿರಣ, 1896ರಲ್ಲಿ ಯುರೇನಿಯಂನ ಕಿರಣ, 1898ರಲ್ಲಿ ಥೋರಿಯಂ ಕೂಡ ಕಿರಣ ಸೂಸುತ್ತದೆ ಎಂಬ ಸುದ್ದಿ, ಹಿಂದೆಯೇ ಕ್ಯೂರಿ ದಂಪತಿಯ ಪೊಲೋನಿಯಂ ಮತ್ತು ರೇಡಿಯಂ. ರುದರ್‌ಫೋರ್ಡ್ ರೇಡಿಯೊ ಅಲೆಗಳನ್ನು ಬಿಟ್ಟು ಈ ಕಡೆಗೆ ಹೊರಳಿದ. ಯುರೇನಿಯಂನಿಂದ ಬರುವ ಕಿರಣಗಳಲ್ಲಿ ಎರಡು ಬಗೆ ಇರುವುದನ್ನು ಗುರುತಿಸಿ ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟ. ಒಂದು ಕಾಗದದ ಹಾಳೆ ಅಡ್ಡ ಬಂದರೂ ಆಲ್ಫಾ ನಿಂತುಬಿಡುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಾಡಿದ ಬಾಗಿಲು

1898ರಲ್ಲಿ, 27ನೆಯ ವಯಸ್ಸಿಗೆ, ರುದರ್‌ಫೋರ್ಡ್ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದ. ಅಲ್ಲಿನ ಭೌತಶಾಸ್ತ್ರ ಪ್ರಯೋಗಾಲಯ ಕಟ್ಟಿಸಿಕೊಟ್ಟಿದ್ದವನು ಮ್ಯಾಕ್‌ಡೊನಾಲ್ಡ್ ಎಂಬ ತಂಬಾಕು ವ್ಯಾಪಾರಿ. ತಂಬಾಕಿನಿಂದಲೇ ಶ್ರೀಮಂತನಾದರೂ ಧೂಮಪಾನ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಪೈಪು ಸೇದುವ ರುದರ್‌ಫೋರ್ಡ್‌ಗೆ ಇದು ಪೀಕಲಾಟದ ವಿಷಯ.

ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ರಾಬರ್ಟ್ ಓವೆನ್ಸ್ ಎಂಬ ಸಹೋದ್ಯೋಗಿಗೆ ಥೋರಿಯಂನ ಕಿರಣಗಳನ್ನು ಅಳೆಯುವ ಕೆಲಸ ಹಚ್ಚಿದ. ಥೋರಿಯಂ ನಮಗೆ ಅಪರಿಚಿತ ವಸ್ತುವಲ್ಲ. ಯಕ್ಷಗಾನ ಬಯಲಾಟದ ರಂಗಸ್ಥಳಕ್ಕೆ ರಾತ್ರಿಯಿಡೀ ಬೆಳಕು ಕೊಡುತ್ತಿದ್ದ ಗ್ಯಾಸ್‌ಲೈಟಿನ ಮ್ಯಾಂಟಲ್ ಅಷ್ಟು ಬೆಳ್ಳಗೆ ಉರಿಯುತ್ತಿದ್ದುದು ಥೋರಿಯಂ ಆಕ್ಸೈಡಿನಿಂದಲೇ.

ಓವೆನ್ಸ್‌ಗೆ ಒಂದು ತೊಂದರೆ ಎದುರಾಯಿತು. ಯುರೇನಿಯಂ ಇಟ್ಟರೆ ಉಪಕರಣದ ಅಂಕಿ ಸ್ಥಿರವಾಗಿ ನಿಲ್ಲುತ್ತಿತ್ತು. ಥೋರಿಯಂ ಇಟ್ಟರೆ ಅಂಕಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೋಣೆಯ ಬಾಗಿಲು ತೆಗೆದರೆ ಸಾಕು, ಅಳತೆ ಬದಲಾಗುತ್ತಿತ್ತು. ಗಾಳಿ ಬೀಸಿದರೆ ಅಂಕಿ ಇಳಿಯುತ್ತಿತ್ತು. ಡಬ್ಬಿಯಲ್ಲಿ ಮುಚ್ಚಿಟ್ಟರೆ ಏರುತ್ತ ಹೋಗಿ ಒಂದು ಮಟ್ಟಕ್ಕೆ ನಿಲ್ಲುತ್ತಿತ್ತು. ಬಾಗಿಲು ಭದ್ರಪಡಿಸಿ, ತೊಂದರೆಯನ್ನು ಮರೆತು ಮುಂದುವರಿಯಬಹುದಿತ್ತು. ನಮ್ಮ ಕಾಲೇಜು ಲ್ಯಾಬಿನಲ್ಲಿ ರೀಡಿಂಗ್ ಸರಿ ಬಾರದಿದ್ದರೆ ನಾವು ಮಾಡುವುದೇನೆಂದು ನಮಗೆ ಗೊತ್ತೇ ಇದೆ.

ರುದರ್‌ಫೋರ್ಡ್ ಆ ತೊಂದರೆಯನ್ನೇ ಹಿಡಿದುಕೊಂಡ. ಕಿರಣ ನೇರವಾಗಿ ಹೋಗುವಂಥದ್ದು, ಗಾಳಿಗೆ ಅದು ಅಲ್ಲಾಡುವುದಿಲ್ಲ. ಗಾಳಿಗೆ ಅಲ್ಲಾಡುತ್ತದೆ ಎಂದಾದರೆ ಥೋರಿಯಂನಿಂದ ಕಿರಣದ ಜೊತೆಗೆ ಬೇರೇನೋ ಹೊರಬರುತ್ತಿದೆ. ಥೋರಿಯಂ ಆಕ್ಸೈಡನ್ನು ಕಾಗದದಲ್ಲಿ ಸುತ್ತಿ ಕೊಳವೆಯೊಳಗಿಟ್ಟು, ಅದರ ಮೇಲಿಂದ ಮೆಲ್ಲಗೆ ಗಾಳಿ ಹಾಯಿಸಿ, ಆ ಗಾಳಿಯನ್ನು ದೂರದ ಪಾತ್ರೆಗೆ ಕೊಂಡೊಯ್ದ. ಅಲ್ಲಿಯೂ ವಿಕಿರಣ ಸಿಕ್ಕಿತು. ನಡುವೆ ಹತ್ತಿ ತುರುಕಿದರೂ ಅದು ನಿಲ್ಲಲಿಲ್ಲ. ಹೊರಬರುತ್ತಿರುವುದು ದೂಳಲ್ಲ, ಅನಿಲ ಎಂದು ಹೀಗೆ ಗೊತ್ತಾಗುತ್ತ ಬಂತು. ಗಾಳಿ ಹಾಯಿಸುವುದನ್ನು ನಿಲ್ಲಿಸಿದ ಮೇಲೆ ಅದರ ಬಲ ಸುಮಾರು ಒಂದು ನಿಮಿಷಕ್ಕೆ ಅರ್ಧವಾಯಿತು. ಇನ್ನೊಂದು ನಿಮಿಷಕ್ಕೆ ಆ ಅರ್ಧದ ಅರ್ಧ. ಇಂದು ನಾವು ಅರ್ಧಾಯುಷ್ಯ ಎಂದು ಓದುವ ಪಾಠ ಶುರುವಾದದ್ದು ಹೀಗೆ. 1900ರ ಜನವರಿಯಲ್ಲಿ ಆತ ಇದನ್ನು ಪ್ರಕಟಿಸಿ, ಆ ಅನಿಲವನ್ನು ಎಮನೇಶನ್, ಅಂದರೆ ಹೊರಸೂಸಿದ್ದು, ಎಂದು ಕರೆದ. ಅದೇ ವರ್ಷ ಜರ್ಮನಿಯ ಡಾರ್ನ್ ಎಂಬ ವಿಜ್ಞಾನಿ ರೇಡಿಯಂ ಕೂಡ ಇಂಥದೇ ಅನಿಲ ಬಿಡುತ್ತದೆಂದು ತೋರಿಸಿದ. ರೇಡಿಯಂನ ಅನಿಲ ಅರ್ಧವಾಗಲು 3.8 ದಿನ ಬೇಕು. ಥೋರಿಯಂನದಕ್ಕೆ ಈಗ ಥೋರಾನ್ ಎಂದೂ ರೇಡಿಯಂನದಕ್ಕೆ ರೇಡಾನ್ ಎಂದೂ ಹೆಸರು. ಒಂದು ನಿಮಿಷದಲ್ಲಿ ಅರ್ಧವಾಗುವ ಅನಿಲ ಹೆಚ್ಚು ದೂರ ಹೋಗಲಾರದು. ಸುಮಾರು ನಾಲ್ಕು ದಿನ ತಾಳುವ ಅನಿಲಕ್ಕೆ ಮಣ್ಣಿನ ಸಂದುಗಳಲ್ಲಿ ತೂರಿ ಮನೆಯೊಳಗೆ ಬರಲು ಸಮಯವಿದೆ. ಹಾಗಾಗಿ ಮನೆಗಳ ಮಟ್ಟಿಗೆ ಹೆಚ್ಚು ಚಿಂತೆಗೆ ಕಾರಣವಾದದ್ದು ರೇಡಾನ್.

ಅಂಟಿಕೊಂಡು ಉಳಿಯುವುದು

ರುದರ್‌ಫೋರ್ಡ್ ಇನ್ನೊಂದು ಸಂಗತಿಯನ್ನೂ ಗಮನಿಸಿದ. ಆ ಅನಿಲವಿದ್ದ ಪಾತ್ರೆಯ ಗೋಡೆಗಳು, ಒಳಗಿಟ್ಟ ತಂತಿ, ಎಲ್ಲವೂ ತಾವೇ ವಿಕಿರಣಶೀಲವಾಗಿಬಿಡುತ್ತಿದ್ದವು. ಅನಿಲವನ್ನು ಹೊರಗೆ ಊದಿ ಕಳಿಸಿದರೂ ಕಣ್ಣಿಗೆ ಕಾಣದ ಒಂದು ಲೇಪ ಉಳಿದಿರುತ್ತಿತ್ತು. ಉಜ್ಜಿದರೆ, ಆಮ್ಲದಲ್ಲಿ ತೊಳೆದರೆ ಅದು ಬಿಡುತ್ತಿತ್ತು. ಅಂದರೆ ಅನಿಲದ ಪರಮಾಣು ಒಡೆದು ಬೇರೆಯೇ ಘನವಸ್ತುವಾಗಿ ಅಲ್ಲಲ್ಲಿ ಕೂತುಬಿಡುತ್ತಿದೆ.

ರೇಡಾನಿನ ಅಪಾಯ ಅಡಗಿರುವುದು ಈ ಲೇಪದಲ್ಲಿಯೇ. ಅನಿಲವನ್ನು ಉಸಿರಾಡಿದರೆ ಹೆಚ್ಚಿನ ಪಾಲು ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಆದರೆ ಅದು ಒಡೆದು ಹುಟ್ಟುವ ಪೊಲೋನಿಯಂ ಮುಂತಾದ ಕಣಗಳು ದೂಳಿಗೆ, ಹೊಗೆಗೆ ಅಂಟಿಕೊಂಡು ಶ್ವಾಸಕೋಶದೊಳಗೆ ಕೂರುತ್ತವೆ. ಅಲ್ಲಿ ಅವು ಆಲ್ಫಾ ಕಣಗಳನ್ನು ಹಾರಿಸುತ್ತವೆ. ಆಲ್ಫಾ ಕಣ ಕಾಗದವನ್ನೂ ದಾಟಲಾರದು ಎಂದೆವಲ್ಲ. ಚರ್ಮದ ಹೊರಗಿದ್ದರೆ ಅದರಿಂದ ಭಯವಿಲ್ಲ. ಶ್ವಾಸಕೋಶದ ಒಳಪದರದ ಮೇಲೆಯೇ ಕೂತರೆ ಅದರ ಶಕ್ತಿಯೆಲ್ಲ ಅಲ್ಲಿನ ಕೆಲವೇ ಜೀವಕೋಶಗಳ ಮೇಲೆ ಬೀಳುತ್ತದೆ.

ಈ ಅನಿಲ ಎಷ್ಟು ಭಾರ ಎಂದು ಪತ್ತೆಹಚ್ಚಲು ರುದರ್‌ಫೋರ್ಡ್‌ಗೆ ನೆರವಾದವಳು ಹ್ಯಾರಿಯೆಟ್ ಬ್ರೂಕ್ಸ್. ಆತನ ಮೊದಲ ಸಂಶೋಧನಾ ವಿದ್ಯಾರ್ಥಿನಿ. ರೇಡಿಯಂನ ಎಮನೇಶನ್ ಗಾಳಿಯಲ್ಲಿ ಎಷ್ಟು ನಿಧಾನವಾಗಿ ಹರಡುತ್ತದೆ ಎಂದು ಅಳೆದು, ಅದು ಗಾಳಿಗಿಂತ ಬಹಳ ಭಾರದ ಅನಿಲವೆಂದು 1901ರಲ್ಲಿ ಇಬ್ಬರೂ ಸೇರಿ ತೋರಿಸಿದರು. ಕೆಲವು ವರ್ಷಗಳ ಮೇಲೆ ಮದುವೆಯ ವಿಷಯ ಮುಂದಿಟ್ಟು ಕಾಲೇಜೊಂದು ಆಕೆಯ ರಾಜೀನಾಮೆ ಕೇಳಿತು. ಮದುವೆಯಾದ ಮೇಲೆ ಆಕೆಯ ಸಂಶೋಧನೆ ನಿಂತುಹೋಯಿತು. 1933ರಲ್ಲಿ ಆಕೆ ತೀರಿಕೊಂಡಾಗ ನೇಚರ್ ಪತ್ರಿಕೆಗೆ ಶ್ರದ್ಧಾಂಜಲಿ ಬರೆದವನು ರುದರ್‌ಫೋರ್ಡ್.

1901ರ ಶರತ್ಕಾಲದಲ್ಲಿ ಫ್ರೆಡರಿಕ್ ಸಾಡಿ ಎಂಬ ತರುಣ ರಸಾಯನಶಾಸ್ತ್ರಜ್ಞ ಜೊತೆಯಾದ. ಕೆಂಪಗೆ ಕಾದ ಲೋಹಗಳ ಮೇಲೆ ಹಾಯಿಸಿದರೂ ಈ ಅನಿಲ ಯಾವುದರ ಜೊತೆಗೂ ಸೇರಲಿಲ್ಲ. ಆರ್ಗಾನಿನ ಜಾತಿಯದು ಎಂದು ಸಾಡಿ ಗುರುತಿಸಿದ. ಮ್ಯಾಕ್‌ಡೊನಾಲ್ಡ್ ಕೊಡಿಸಿದ ಯಂತ್ರದಿಂದ ದ್ರವಗಾಳಿ ತಯಾರಿಸಿ, ಆ ಚಳಿಯಲ್ಲಿ ಎಮನೇಶನ್ ಕೂಡ ತಣಿದು ಕೊಳವೆಗೆ ಅಂಟುವುದನ್ನು ತೋರಿಸಿದರು. ಒಂದು ಮೂಲವಸ್ತು ತಾನಾಗಿಯೇ ಒಡೆದು ಇನ್ನೊಂದಾಗುತ್ತದೆ ಎಂಬ ಅವರ ಸಿದ್ಧಾಂತ ಅಂದಿನ ರಸಾಯನಶಾಸ್ತ್ರವನ್ನೇ ಬುಡಮೇಲು ಮಾಡಿತು. 1908ರಲ್ಲಿ ರುದರ್‌ಫೋರ್ಡ್‌ಗೆ ನೊಬೆಲ್ ಬಹುಮಾನ ಬಂತು. ಭೌತಶಾಸ್ತ್ರಜ್ಞನಿಗೆ ಬಂದದ್ದು ರಸಾಯನಶಾಸ್ತ್ರದ ಬಹುಮಾನ.

ನೆಲಮಾಳಿಗೆಯ ಗಾಳಿ

ಎಮನೇಶನ್ ಬರೀ ಪ್ರಯೋಗಾಲಯದ ಸೀಸೆಯೊಳಗಿನ ವಸ್ತುವಲ್ಲ ಎಂದು ಬೇಗನೆ ಗೊತ್ತಾಯಿತು. ಜರ್ಮನಿಯ ಎಲ್‌ಸ್ಟರ್ ಮತ್ತು ಗೈಟೆಲ್ ಎಂಬಿಬ್ಬರು ಹೈಸ್ಕೂಲು ಮಾಸ್ತರರು ಗುಹೆಗಳ, ನೆಲಮಾಳಿಗೆಗಳ ಗಾಳಿಯನ್ನು ಪರೀಕ್ಷಿಸಿ, ಅಲ್ಲಿ ಹೊರಗಿನ ಗಾಳಿಗಿಂತ ಹೆಚ್ಚು ವಿಕಿರಣಶೀಲತೆ ಇರುವುದನ್ನು 1901ರ ಸುಮಾರಿಗೆ ಕಂಡರು. ಮಣ್ಣಿನೊಳಗಿಂದ ಹೀರಿದ ಗಾಳಿಯಲ್ಲಿ ಇನ್ನೂ ಹೆಚ್ಚು. ಕೇಂಬ್ರಿಡ್ಜಿನಲ್ಲಿ ಥಾಮ್ಸನ್‌ಗೆ ಬಾವಿಯ ನೀರಿನಲ್ಲಿ ಇಂಥದೇ ಅನಿಲ ಸಿಕ್ಕಿತು. ಮೆಕ್‌ಗಿಲ್‌ನಲ್ಲಿ ಹೊಸದಾಗಿ ಬಿದ್ದ ಹಿಮದಲ್ಲಿಯೂ ಅದರ ಲೇಪ ಸಿಕ್ಕಿತು. ಭೂಮಿಯ ಬಂಡೆಗಳಲ್ಲಿ, ಮಣ್ಣಿನಲ್ಲಿ ಅಷ್ಟಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಅದು ರೇಡಿಯಂ ಆಗುತ್ತದೆ, ರೇಡಿಯಂ ರೇಡಾನ್ ಆಗುತ್ತದೆ. ರೇಡಾನ್ ಮಣ್ಣಿನ ಸಂದುಗಳಿಂದ ಮೇಲೇಳುತ್ತದೆ.

1907ರಲ್ಲಿ ರುದರ್‌ಫೋರ್ಡ್ ಮ್ಯಾಂಚೆಸ್ಟರಿಗೆ ಬಂದ. 1909ರಲ್ಲಿ ಬಹಳ ತೆಳು ಗಾಜಿನ ಕೊಳವೆಯಲ್ಲಿ ರೇಡಾನ್ ತುಂಬಿ, ಗಾಜು ದಾಟಿ ಹೊರಬಂದ ಆಲ್ಫಾ ಕಣಗಳನ್ನು ಹಿಡಿದು, ಅವು ಹೀಲಿಯಂ ಎಂದು ಸಾಧಿಸಿದ. ಅದೇ ವರ್ಷ ಆತನ ಶಿಷ್ಯರಾದ ಗೈಗರ್ ಮತ್ತು ಮಾರ್ಸ್‌ಡೆನ್ ಲೋಹದ ಹಾಳೆಗಳ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಕೆಲವು ಕಣಗಳು ಹಿಂದಕ್ಕೆ ಪುಟಿದವು. ಇದನ್ನು ಲೆಕ್ಕಹಾಕಿ 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ಸನ್ನು ಕಂಡ. ನಮ್ಮ ಪಠ್ಯದ ಚಿತ್ರದಲ್ಲಿ ಒಂದು ಪೆಟ್ಟಿಗೆ ಬಿಡಿಸಿ ಆಲ್ಫಾ ಮೂಲ ಎಂದು ಬರೆದಿರುತ್ತಾರಲ್ಲ, ಅಂದು ಆ ಪೆಟ್ಟಿಗೆಯ ಜಾಗದಲ್ಲಿದ್ದದ್ದು ರೇಡಾನ್ ಮತ್ತು ಅದರ ಸಂತತಿ ತುಂಬಿದ ಗಾಜಿನ ಕೊಳವೆ. ಪರಮಾಣುವಿನ ಒಳಗನ್ನು ತೋರಿಸಿಕೊಟ್ಟ ಕಣಗಳೂ ಶ್ವಾಸಕೋಶವನ್ನು ಕೆಡಿಸುವ ಕಣಗಳೂ ಒಂದೇ.

1919ರಲ್ಲಿ ತಾನು ವಿದ್ಯಾರ್ಥಿಯಾಗಿ ಸಾಲ ಮಾಡಿ ಬಂದ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೇ ಮುಖ್ಯಸ್ಥನಾದ. ಬೋರ್, ಚಾಡ್ವಿಕ್, ಕಾಕ್‌ಕ್ರಾಫ್ಟ್, ಕಪಿತ್ಸಾ ಇವರೆಲ್ಲ ಆತನ ಕೈಕೆಳಗೆ ಬೆಳೆದವರು. ನಮ್ಮ ಸಿ.ವಿ. ರಾಮನ್ ಹೆಸರನ್ನು 1930ರ ನೊಬೆಲ್‌ಗೆ ಸೂಚಿಸಿದವರಲ್ಲಿ ಈತನೂ ಒಬ್ಬ. ಹಿಟ್ಲರನ ಕಾಲದಲ್ಲಿ ಕೆಲಸ ಕಳೆದುಕೊಂಡು ಬಂದ ವಿದ್ವಾಂಸರಿಗೆ ನೆಲೆ ಹುಡುಕಿಕೊಡುವ ಸಂಸ್ಥೆಗೆ ಅಧ್ಯಕ್ಷನಾಗಿ ದುಡಿದ. ಕೆಲಸ ಸಿಗದ ನೋವು ಏನೆಂದು ಬಲ್ಲವನಾಗಿದ್ದ.

1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ನಡೆಯಲಿದ್ದ ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿನ ರಜತ ವರ್ಷದ ಅಧಿವೇಶನಕ್ಕೆ ರುದರ್‌ಫೋರ್ಡ್ ಅಧ್ಯಕ್ಷನಾಗಿ ಬರಬೇಕಿತ್ತು. 1937ರ ಅಕ್ಟೋಬರ್ 19ರಂದು ಹರ್ನಿಯಾದ ತೊಂದರೆಯಿಂದ ಆತ ತೀರಿಕೊಂಡ. ವಯಸ್ಸು 66. ಆತನ ಜಾಗದಲ್ಲಿ ಜೇಮ್ಸ್ ಜೀನ್ಸ್ ಬಂದ. ರುದರ್‌ಫೋರ್ಡ್‌ನ ಚಿತಾಭಸ್ಮವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ನನ ಸಮಾಧಿಯ ಹತ್ತಿರ ಇರಿಸಿದರು.

ಆತ ಕಾಣದೆ ಹೋದದ್ದು

ಮನೆಗಳ ಗಾಳಿಯ ವಿಷಯ ದೊಡ್ಡ ಸುದ್ದಿಯಾಗುವುದನ್ನು ನೋಡಲು ರುದರ್‌ಫೋರ್ಡ್ ಬದುಕಿರಲಿಲ್ಲ. ಜರ್ಮನಿಯ ಶ್ನೀಬರ್ಗ್ ಗಣಿಯ ಕೂಲಿಗಳು ಎದೆರೋಗದಿಂದ ಸಾಯುತ್ತಿದ್ದದ್ದು ಶತಮಾನಗಳ ಹಿಂದಿನ ಮಾತು. ಅದು ಶ್ವಾಸಕೋಶದ ಕ್ಯಾನ್ಸರ್ ಎಂದು 1879ರಲ್ಲಿ ವೈದ್ಯರು ಗುರುತಿಸಿದ್ದರು. ಕಾರಣ ಗಣಿಯೊಳಗಿನ ರೇಡಾನ್ ಎಂದು ಒಪ್ಪಿಗೆಯಾಗಲು ದಶಕಗಳೇ ಹಿಡಿದವು.

ಮನೆಗಳ ಸರದಿ ಬಂದದ್ದು 1984ರ ಡಿಸೆಂಬರಿನಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಲಿಮೆರಿಕ್ ಅಣುಸ್ಥಾವರದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬರು ವಿಕಿರಣ ತಪಾಸಣೆಯ ಯಂತ್ರ ದಾಟುವಾಗ ಅದು ಮತ್ತೆ ಮತ್ತೆ ಕೂಗಿಕೊಂಡಿತು. ಸ್ಥಾವರ ಆಗಿನ್ನೂ ವಿದ್ಯುತ್ ಉತ್ಪಾದನೆ ಶುರುಮಾಡಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಒಳಗೆ ಬರುವಾಗಲೂ ಯಂತ್ರ ಕೂಗಿತು. ಆಗ ಅವರ ಮನೆಯನ್ನು ಪರೀಕ್ಷಿಸಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 1 ಲಕ್ಷ ಬೆಕೆರೆಲ್ ರೇಡಾನ್ ಸಿಕ್ಕಿತು. ಬೆಕೆರೆಲ್ ಎಂದರೆ ಸೆಕೆಂಡಿಗೆ ಒಂದು ಪರಮಾಣು ಒಡೆಯುವ ಲೆಕ್ಕ. ಅಣುಸ್ಥಾವರಕ್ಕೆ ವಿಕಿರಣ ಬಂದದ್ದು ಮನೆಯಿಂದ! ತಿಂಗಳುಗಳ ಕಾಲ ನೆಲದ ಬಿರುಕು ಮುಚ್ಚಿ, ಅಡಿಯ ಮಣ್ಣಿನ ಗಾಳಿಯನ್ನು ಕೊಳವೆಯಿಂದ ಹೊರಗೆಳೆದ ಮೇಲೆ ಆ ಕುಟುಂಬ ಅದೇ ಮನೆಗೆ ವಾಪಸಾಯಿತು.

1988ರಲ್ಲಿ ರೇಡಾನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಗಳಿಗೆ ಘನ ಮೀಟರಿಗೆ 100 ಬೆಕೆರೆಲ್ ಮಿತಿಯನ್ನು ಸೂಚಿಸಿತು, ಅದು ಸಾಧ್ಯವಾಗದ ಕಡೆಗಳಲ್ಲೂ 300 ದಾಟಬಾರದು ಎಂದಿತು. ಜಗತ್ತಿನ ಮನೆಗಳ ಸರಾಸರಿ ಸುಮಾರು 40. ಬಹುಕಾಲ ಉಸಿರಾಡುವ ಗಾಳಿಯಲ್ಲಿ 100 ಬೆಕೆರೆಲ್ ಹೆಚ್ಚಾದಂತೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸುಮಾರು ಶೇ 16ರಷ್ಟು ಏರುತ್ತದೆ. ಸಿಗರೇಟು ಸೇದುವವರಿಗೆ ರೇಡಾನಿನಿಂದ ಬರುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು. ರೇಡಾನ್ ಮತ್ತು ಹೊಗೆ ಎರಡೂ ಒಂದೇ ಕೋಣೆಯಲ್ಲಿ ಇರಬಾರದು.

ನಮ್ಮ ಮನೆಗಳ ಲೆಕ್ಕ

ಕರಾವಳಿಯ ಹಳೆಯ ಹೆಂಚಿನ ಮನೆಯ ರಚನೆಯೇ ಒಂದು ರಕ್ಷಣೆ. ಹೆಂಚಿನ ಸಂದುಗಳಿಂದ, ಗೋಡೆ ಮತ್ತು ಮಾಡಿನ ನಡುವಿನ ಖಾಲಿ ಜಾಗದಿಂದ ಹಗಲಿರುಳು ಗಾಳಿಯಾಡುತ್ತದೆ. ಮಣ್ಣಿನ ನೆಲದಿಂದ ರೇಡಾನ್ ಬಂದರೂ ಕಟ್ಟಿ ನಿಲ್ಲುವುದಿಲ್ಲ. ನಮ್ಮಂಥ ಬಿಸಿಲು ನಾಡಿನಲ್ಲಿ ಚಳಿದೇಶಗಳಷ್ಟು ರೇಡಾನ್ ತೊಂದರೆ ಸಾಮಾನ್ಯವಾಗಿ ಕಾಣದಿರುವುದಕ್ಕೆ ಈ ಗಾಳಿಯಾಟವೇ ಕಾರಣ. ಮಂಗಳೂರು ಮತ್ತು ಮೈಸೂರು ವಿಶ್ವವಿದ್ಯಾಲಯಗಳ ಭೌತಶಾಸ್ತ್ರಜ್ಞರು ಕರಾವಳಿಯಲ್ಲಿ, ಕೈಗಾದ ಸುತ್ತ, ಮೈಸೂರಿನ ಕಡೆ ಇಂಥ ನೈಸರ್ಗಿಕ ವಿಕಿರಣವನ್ನು ವರ್ಷಗಟ್ಟಲೆ ಅಳೆಯುತ್ತ ಬಂದಿದ್ದಾರೆ. ಭೌತಶಾಸ್ತ್ರ ಓದುವವರಿಗೆ ನಮ್ಮ ರಾಜ್ಯದಲ್ಲೇ ಇರುವ ಸಂಶೋಧನೆಯ ಹಾದಿ ಇದು.

ಆದರೆ ಮನೆಗಳು ಬದಲಾಗುತ್ತಿವೆ. ಹೆಂಚಿನ ಬದಲು ಸ್ಲ್ಯಾಬು, ಗವಾಕ್ಷಿಯ ಬದಲು ಗಾಜು, ಕೋಣೆಗೊಂದು ಎ.ಸಿ. ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಹೊಸ ಗಾಳಿ ತರುವುದಿಲ್ಲ, ಇದ್ದ ಗಾಳಿಯನ್ನೇ ತಿರುತಿರುಗಿ ತಂಪು ಮಾಡುತ್ತದೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋದ ನಮ್ಮ ಹುಡುಗರು ಕಡಿಮೆ ಬಾಡಿಗೆಯ ನೆಲಮಹಡಿಯ ಕೋಣೆಗಳಲ್ಲಿ, ಒಂದೇ ಕಿಟಕಿಯನ್ನೂ ಸೊಳ್ಳೆಗೆ ಹೆದರಿ ಮುಚ್ಚಿಕೊಂಡು ಮಲಗುತ್ತಾರೆ. ಮಣ್ಣಿಗೆ ಹತ್ತಿರ ಇದ್ದಷ್ಟೂ ರೇಡಾನ್ ಹೆಚ್ಚು, ಮೇಲಿನ ಮಹಡಿಗಳಲ್ಲಿ ಕಡಿಮೆ. ಅಂಥ ಕೋಣೆಯಲ್ಲಿ ನಾಲ್ವರು ಕೂತು ಸಿಗರೇಟು ಹಚ್ಚಿದರೆ ಏನಾಗುತ್ತದೆಂದು ಮೇಲಿನ ಅಂಕಿಯೇ ಹೇಳುತ್ತದೆ.

ಮಾಡಬಹುದಾದ ಕೆಲಸಗಳು ಕಷ್ಟದವಲ್ಲ. ಬೆಳಿಗ್ಗೆ, ಸಂಜೆ ಎದುರುಬದುರಿನ ಕಿಟಕಿ ಬಾಗಿಲು ತೆರೆದು ಗಾಳಿ ಹಾಯಲು ಬಿಡಬೇಕು. ಎ.ಸಿ. ಕೋಣೆಯನ್ನೂ ದಿನಕ್ಕೆ ಕೆಲವು ಹೊತ್ತು ತೆರೆದಿಡಬೇಕು. ಮಳೆಗಾಲದಲ್ಲಿ ಎಲ್ಲ ಮುಚ್ಚಿಕೊಳ್ಳುವಾಗಲೂ ಗಾಳಿಕಂಡಿಗಳನ್ನು ಕಾಗದ ತುರುಕಿ ಬಂದ್ ಮಾಡಬಾರದು. ಕಿಟಕಿಗಳನ್ನೆಲ್ಲ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಮಾತ್ರ ಓಡಿಸಿದರೆ ಅದು ನೆಲದ ಬಿರುಕಿನಿಂದಲೇ ಗಾಳಿ ಎಳೆಯಬಹುದು, ಹಾಗಾಗಿ ಹೊರಗಿನ ಗಾಳಿ ಒಳಬರಲು ದಾರಿ ಬಿಟ್ಟೇ ಫ್ಯಾನ್ ಹಾಕಬೇಕು. ನೆಲದ ಬಿರುಕು, ಗೋಡೆ ನೆಲ ಸೇರುವ ಸಂದು, ಪೈಪು ಒಳಬರುವ ತೂತು ಇವನ್ನು ಸಿಮೆಂಟು ಅಥವಾ ಸೀಲೆಂಟಿನಿಂದ ಮುಚ್ಚಬೇಕು. ಬೋರ್‌ವೆಲ್ ನೀರನ್ನು ನೇರವಾಗಿ ಸ್ನಾನದ ಮನೆಗೆ ಬಿಡುವ ಬದಲು ಮೇಲಿನ ತೊಟ್ಟಿಗೆ ಧಾರೆಯಾಗಿ ಬೀಳಿಸಿದರೆ ಅದರಲ್ಲಿ ಕರಗಿದ ರೇಡಾನಿನ ಬಹುಪಾಲು ಅಲ್ಲೇ ಹಾರಿಹೋಗುತ್ತದೆ.

ಹೊಸ ಮನೆ ಕಟ್ಟುವವರಿಗೆ ಇನ್ನೂ ಸುಲಭ. ನೆಲದಡಿಗೆ ಜಲ್ಲಿಯ ಒಂದು ಪದರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಜಲ್ಲಿಯಿಂದ ಮಾಡಿನ ಮೇಲಕ್ಕೆ ಒಂದು ಪಿವಿಸಿ ಕೊಳವೆ. ಮಣ್ಣಿನ ಅನಿಲ ಮನೆಯೊಳಗೆ ಬಾರದೆ ಕೊಳವೆ ಹಿಡಿದು ಹೊರಗೆ ಹೋಗುತ್ತದೆ. ರೇಡಾನ್ ಹೆಚ್ಚಿರುವ ಮನೆಯಲ್ಲಿ ಆ ಕೊಳವೆಗೆ ಸಣ್ಣ ಫ್ಯಾನ್ ಜೋಡಿಸುತ್ತಾರೆ. ಜಗತ್ತಿನಾದ್ಯಂತ ಹೆಚ್ಚು ಫಲ ಕೊಟ್ಟಿರುವ ವಿಧಾನ ಇದೇ. ಅಳೆಯುವುದಕ್ಕೆ ವಿಶೇಷ ಪ್ಲಾಸ್ಟಿಕ್ ಫಿಲ್ಮಿನ ಪುಟ್ಟ ಡಬ್ಬಿಯನ್ನು ಸುಮಾರು ಮೂರು ತಿಂಗಳು ಕೋಣೆಯಲ್ಲಿ ತೂಗುಹಾಕುತ್ತಾರೆ. ಆಲ್ಫಾ ಕಣಗಳು ಫಿಲ್ಮಿನ ಮೇಲೆ ಮಾಡಿದ ಗೀರುಗಳನ್ನು ಆಮೇಲೆ ಎಣಿಸುತ್ತಾರೆ.

ಹೆದರಿ ನಿದ್ದೆಗೆಡಬೇಕಾದ ವಿಷಯ ಇದಲ್ಲ. ದಿನವೆಲ್ಲ ಎಮನೇಶನ್ ಜೊತೆಗೇ ಕಳೆದ ರುದರ್‌ಫೋರ್ಡ್ ಕೂಡ ಅದರಿಂದ ಸಾಯಲಿಲ್ಲ. ಆದರೆ ಒಬ್ಬ ಮನುಷ್ಯನ ಅದೃಷ್ಟದ ಮೇಲೆ ಸಾವಿರಾರು ಮನೆಗಳ ಲೆಕ್ಕ ಹಾಕಲಾಗದು. 1899ರಲ್ಲಿ ಮಾಂಟ್ರಿಯಲ್‌ನ ಆ ಕೋಣೆಯ ಬಾಗಿಲು ತೆರೆದಾಗಲೆಲ್ಲ ಅಂಕಿ ಇಳಿಯುತ್ತಿತ್ತು. ಓವೆನ್ಸ್‌ಗೆ ಅದು ಕಿರಿಕಿರಿ, ರುದರ್‌ಫೋರ್ಡ್‌ಗೆ ಸುಳಿವು. ನಮಗೆ ಅದೇ ಪರಿಹಾರ. ಈ ಪುಟ ಓದಿ ಮುಗಿಸಿದವರು ಎದ್ದು, ಕೋಣೆಯ ಕಿಟಕಿ ತೆರೆದಿದೆಯೇ ಎಂದು ಒಮ್ಮೆ ನೋಡಿ.